ಸಿದ್ದಿಯರ ಕವಂದಿ ಮತ್ತು ದಖನ್ನಿನ ಕೌದಿ: ಸೀವುಡ್ಸಿನಿಂದ ಒಂದು ನೋಟ

1

ಮುಂಬಯಿಯ ಹಾರ್ಬರ್ ರೈಲುಮಾರ್ಗದಲ್ಲಿ ನೇರೂಳ್ ಮತ್ತು ಬೇಲಾಪುರಗಳ ನಡುವೆ ಸೀವುಡ್ಸ್ ನಿಲ್ದಾಣವಿದೆ. 1970ರಲ್ಲಿ ಸ್ಥಾಪನೆಗೊಂಡ ಸಿಡ್ಕೊ ಸಂಸ್ಥೆಯು ಥಾಣೆ ಖಾಡಿಯ ಈಚೆಯ ದಡದಲ್ಲಿ 95 ಹಳ್ಳಿಗಳ ನೆಲವನ್ನು ಒಳಗೊಂಡಂತೆ ನವಿಮುಂಬಯಿಯ ಯೋಜನೆಯನ್ನು ರೂಪಿಸಿತು. ಆಗ್ರಿ ಮತ್ತು ಕೋಳಿ ಜನರ ಊರುಗಳಾದ ದಾರಾವೆ, ಕರಾವೆಗಳ ಸುತ್ತಲೇ ಇಂದಿನ ಸೀವುಡ್ಸ್ ಬೆಳೆದಿದೆ. 1992ರಲ್ಲಿ ವಾಶಿಯವರೆಗೂ 1993ರಲ್ಲಿ ಬೇಲಾಪುರದವರೆಗೂ ರೈಲು ಬಂದ ಮೇಲೆ ಇಲ್ಲಿ ನೆಲೆಸಿದವರಲ್ಲಿ ಕರಾವಳಿಯಿಂದಲೂ ಬೆಳಗಾವಿ, ಧಾರವಾಡ, ವಿಜಯಪುರಗಳ ಕಡೆಯಿಂದಲೂ ಬಂದ ಕನ್ನಡ ಕುಟುಂಬಗಳು ಸೇರಿವೆ.

ಈ ಬಡಾವಣೆಯಲ್ಲಿ ನಾವು ಕಂಡ ಒಂದು ಬೇಸಗೆ ಶಿಬಿರವೇ ಪ್ರಸ್ತುತ ಲೇಖನಕ್ಕೆ ನಿಮಿತ್ತ. ಜಗತ್ತಿನ ಸಂಸ್ಕೃತಿಗಳನ್ನು ಕೈಕೆಲಸದ ಮೂಲಕ ಮಕ್ಕಳಿಗೆ ಪರಿಚಯಿಸುವುದು ಅಲ್ಲಿಯ ಉದ್ದೇಶವಾಗಿತ್ತು. ಜಪಾನಿಗೆ ಮಡಿಸಿದ ಕಾಗದದ ಕೊಕ್ಕರೆ. ಮೆಕ್ಸಿಕೋಗೆ ಕತ್ತರಿಸಿದ ಬಣ್ಣದ ಕಾಗದದ ತೋರಣ. ನೆರೆಯ ವಾರಲಿ ಜನರಿಗೆ ಕೆಮ್ಮಣ್ಣು ಬಣ್ಣದ ಹಾಳೆಯ ಮೇಲೆ ಬಿಳಿಯ ಗೆರೆಚಿತ್ರ. ಆಫ್ರಿಕಕ್ಕೆ ರಟ್ಟಿನ ಮುಖವಾಡ. ಮಕ್ಕಳ ಉತ್ಸಾಹವನ್ನಾಗಲಿ ಶಿಕ್ಷಕಿಯರ ಶ್ರಮವನ್ನಾಗಲಿ ಕಡೆಗಣಿಸುವುದು ನಮ್ಮ ಉದ್ದೇಶವಲ್ಲ. ಆದರೆ ಹಲವು ನೂರು ಭಾಷೆಗಳ ಒಂದು ಖಂಡವು ಒಂದು ರಟ್ಟಿನ ಮುಖವಾಡದಲ್ಲಿ ಮುಗಿದುಹೋದುದು ನಮ್ಮನ್ನು ಯೋಚನೆಗೆ ಹಚ್ಚಿತು. ಏಕೆಂದರೆ ಆ ಮೇಜಿನಿಂದ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಆಫ್ರಿಕ ಮೂಲದ ಜನರ ಹೆಸರನ್ನು ಹೊತ್ತ ಕೋಟೆಯೊಂದಿದೆ. ಅದೇ ಮೂಲದ ಹೆಣ್ಣುಮಕ್ಕಳು ಕರ್ನಾಟಕದ ಕಾಡಂಚಿನಲ್ಲಿ ಇಂದಿಗೂ ಹೊಲಿಯುವ ಹೊದಿಕೆಯ ಒಡಹುಟ್ಟು ಆ ಮಕ್ಕಳ ಅಜ್ಜಿಯರ ಟ್ರಂಕಿನಲ್ಲಿದೆ. ಆ ಹೊದಿಕೆಗೆ ಸಿದ್ದಿಯರು ಕವಂದಿ ಎನ್ನುತ್ತಾರೆ, ಉತ್ತರ ಕರ್ನಾಟಕದ ಉಳಿದವರು ಕೌದಿ ಎನ್ನುತ್ತಾರೆ, ಮರಾಠಿಗರು ಗೋಧಡಿ ಅಥವಾ ವಾಕಳ ಎನ್ನುತ್ತಾರೆ. ಒಂದು ಕೈಕೆಲಸವನ್ನು ಯಾವ ಸಂಸ್ಕೃತಿಯದೆಂದು ಕರೆಯಬೇಕು, ಹಾಗೆ ಕರೆಯುವುದರಿಂದ ಯಾರಿಗೆ ಏನಾಗುತ್ತದೆ ಎಂಬ ಪ್ರಶ್ನೆಗಳನ್ನು ಈ ಹೊದಿಕೆಯ ಆಧಾರದಿಂದ ಪರಿಶೀಲಿಸುವುದು ಇಲ್ಲಿಯ ಪ್ರಯತ್ನ.

2

ಪಾಮ್ ಬೀಚ್ ರಸ್ತೆಯು ಸೀವುಡ್ಸನ್ನು ದಾಟಿ ಬೇಲಾಪುರವನ್ನು ಸೇರುವಲ್ಲಿ ಖಾಡಿಯ ದಡದ ಸಣ್ಣ ದಿಬ್ಬದ ಮೇಲೆ ಬೇಲಾಪುರ ಕೋಟೆಯ ಅವಶೇಷಗಳಿವೆ. ಇದನ್ನು 16ನೆಯ ಶತಮಾನದಲ್ಲಿ ಜಂಜೀರದ ಸಿದ್ದಿಯರು ಕಟ್ಟಿಸಿದರೆಂಬುದು ರೂಢಿಯಲ್ಲಿರುವ ಹೇಳಿಕೆ. ಅನಂತರ ಪೋರ್ಚುಗೀಜರ ಕೈಯಲ್ಲಿದ್ದ ಈ ಕೋಟೆಯನ್ನು 1733ರಲ್ಲಿ ಚಿಮಾಜಿ ಅಪ್ಪನ ನೇತೃತ್ವದಲ್ಲಿ ಮರಾಠರು ಗೆದ್ದುಕೊಂಡರು. 1817ರಲ್ಲಿ ಅದು ಇಂಗ್ಲಿಷರ ವಶವಾಯಿತು. ಇಂದು ಉಳಿದಿರುವುದು ಒಂದು ಬುರುಜು, ಕೆಲವು ಗೋಡೆಗಳು ಮತ್ತು ಸುತ್ತಲ ವಸತಿಗೆ ಅಂಟಿಕೊಂಡಿರುವ ‘ಕಿಲ್ಲೆ’ ಎಂಬ ಹೆಸರು.

ಸಿದ್ದಿ, ಹಬ್ಶಿ ಎಂಬ ಹೆಸರುಗಳು ಕರ್ನಾಟಕದ ಮತ್ತು ಮಹಾರಾಷ್ಟ್ರದ ಚರಿತ್ರೆಗೆ ಅಪರಿಚಿತವಲ್ಲ. ಹಬ್ಶಿ ಎಂದರೆ ಹಬಶ್, ಅರ್ಥಾತ್ ಅಬಿಸೀನಿಯ ದೇಶದವನು. ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಹಲವು ಕೈಗಳನ್ನು ದಾಟಿ ದಖನ್ನಿಗೆ ಬಂದ ಮಲಿಕ್ ಅಂಬರನು ಅಹ್ಮದನಗರದ ನಿಜಾಮಶಾಹಿಯ ಸೂತ್ರಧಾರನಾಗಿ 1626ರವರೆಗೆ ಬದುಕಿದ್ದನು. ಮುಂದೆ ಔರಂಗಾಬಾದ್ ಎನಿಸಿದ ಖಡಕಿ ನಗರವನ್ನು ನೆಲೆಗೊಳಿಸಿದವನು ಅವನೇ. ವಿಜಾಪುರದಲ್ಲಿ ಮುಹಮ್ಮದ್ ಆದಿಲಶಾಹನ ಕಾಲದಲ್ಲಿ (1627-1656) ಇಖ್ಲಾಸ್ ಖಾನನು ಪ್ರಭಾವಿ ಮಂತ್ರಿಯಾಗಿದ್ದನು. ಆದಿಲಶಾಹಿಯ ಕೊನೆಯ ದಶಕಗಳಲ್ಲಿ ಸಿದ್ದಿ ಮಸೂದನು ರಾಜ್ಯದ ಆಡಳಿತವನ್ನು ವಹಿಸಿ, ಬಳಿಕ ಆದವಾನಿಯಲ್ಲಿ ನೆಲೆಯೂರಿದನು. ಮುರುಡದ ಎದುರಿನ ಜಲದುರ್ಗದಿಂದ ಆಳಿದ ಜಂಜೀರದ ಸಿದ್ದಿಯರ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಉಳಿದಿತ್ತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೇಲಾಪುರದ ಕೋಟೆಯ ಸಿದ್ದಿಯರೂ ಯಲ್ಲಾಪುರದ ಕಾಡಿನ ಸಿದ್ದಿಯರೂ ಒಂದೇ ಹೆಸರಿನವರೆಂಬ ಕಾರಣಕ್ಕೆ ಒಂದೇ ಚರಿತ್ರೆಯವರೆಂದು ಭಾವಿಸಲಾಗದು. ಮೊದಲಿನವರು ಸೈನ್ಯ, ನೌಕಾಬಲ ಮತ್ತು ದರ್ಬಾರುಗಳ ಮೂಲಕ ಮೇಲೇರಿದವರು. ಅವರ ಹೆಸರುಗಳು ತವಾರೀಖುಗಳಲ್ಲಿವೆ, ರೂಪಗಳು ಚಿಕಣಿ ಚಿತ್ರಗಳಲ್ಲಿವೆ. ಎರಡನೆಯವರ ಪೂರ್ವಿಕರಲ್ಲಿ ಬಹುಮಂದಿ ಪೂರ್ವ ಆಫ್ರಿಕದಿಂದ ಪೋರ್ಚುಗೀಜರ ಗೋವೆಗೆ ತರಲಾದ ಗುಲಾಮರು. ಒಡೆಯರಿಂದ ತಪ್ಪಿಸಿಕೊಂಡೋ ಬಿಡುಗಡೆ ಹೊಂದಿಯೋ ಘಟ್ಟದ ಕಾಡನ್ನು ಸೇರಿದವರು. ಇವರಿಗೆ ತವಾರೀಖುಗಳಿಲ್ಲ. ಹೆಸರು ಬರೆದಿಡದ ಜನರ ಚರಿತ್ರೆಯನ್ನು ಹುಡುಕುವವರು ಹಾಡು, ವಾದ್ಯ, ಆಚರಣೆ ಮತ್ತು ಕೈಕೆಲಸಗಳತ್ತ ತಿರುಗಬೇಕಾಗುತ್ತದೆ. ಕವಂದಿಗೆ ಬರುವ ಮಹತ್ತ್ವ ಈ ಕಾರಣದಿಂದಲೇ.

3

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳಲ್ಲಿಯೂ ಅದಕ್ಕೆ ಹೊಂದಿದ ಧಾರವಾಡ, ಬೆಳಗಾವಿ ಜಿಲ್ಲೆಗಳ ಭಾಗಗಳಲ್ಲಿಯೂ ಸಿದ್ದಿಯರು ವಾಸಿಸುತ್ತಾರೆ. ಹಿಂದೂ, ಮುಸ್ಲಿಮ್, ಕ್ರೈಸ್ತ ಎಂಬ ಮೂರು ಧರ್ಮಗಳಲ್ಲಿ ಹಂಚಿಹೋಗಿದ್ದರೂ ಸಿದ್ದಿ ಎಂಬ ಹೆಸರು ಅವರೆಲ್ಲರನ್ನೂ ಒಂದುಗೂಡಿಸಿದೆ. ಬಹುಮಂದಿಯ ಮನೆಮಾತು ಕೊಂಕಣಿಯ ಒಂದು ಪ್ರಭೇದ, ಹೊರಗೆ ಕನ್ನಡ, ಪ್ರದೇಶಕ್ಕೆ ತಕ್ಕಂತೆ ಮರಾಠಿ, ಉರ್ದುಗಳೂ ಉಂಟು. ಟಿ. ಸಿ. ಪಾಲಾಕ್ಷಪ್ಪನವರು 1976ರಲ್ಲಿ ಪ್ರಕಟಿಸಿದ ಅಧ್ಯಯನವು ಉತ್ತರ ಕನ್ನಡದ ಸಿದ್ದಿಯರನ್ನು ಕುರಿತ ಆರಂಭದ ಕೃತಿಗಳಲ್ಲಿ ಒಂದು. ಅಲ್ಲಿಂದೀಚೆಗೆ ಬೆಳೆದ ಸಾಹಿತ್ಯದಲ್ಲಿ ಅವರ ಡಮಾಮಿ ವಾದ್ಯಕ್ಕೂ ಕುಣಿತಕ್ಕೂ ಹೆಚ್ಚು ಗಮನ ದೊರೆತಿದೆ. ಹೊದಿಕೆಗೆ ಗಮನ ದೊರೆತದ್ದು ತಡವಾಗಿ. ಕಾರಣ ಊಹಿಸಬಹುದಾದದ್ದೇ: ಕುಣಿತ ಅಂಗಳದಲ್ಲಿ ನಡೆಯುತ್ತದೆ, ಹೊದಿಕೆ ಮನೆಯೊಳಗೆ ಇರುತ್ತದೆ, ಅದನ್ನು ಹೊಲಿಯುವವರು ಹೆಂಗಸರು, ಬಳಸುವವರು ಮನೆಯವರು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕ ಕಲೆಯ ಚರಿತ್ರಕಾರರಾಗಿದ್ದ ಹೆನ್ರಿ ಡ್ರೂವಾಲ್ ಅವರು ಈ ಶತಮಾನದ ಆರಂಭದಲ್ಲಿ ಕವಂದಿಯನ್ನು ಅಧ್ಯಯನಕ್ಕೆ ಎತ್ತಿಕೊಂಡರು. 2004ರಲ್ಲಿ ಸಿದ್ದಿ ಮಹಿಳೆಯರ ಕವಂದಿ ಸಹಕಾರಿ ಸಂಘವೊಂದು ರೂಪುಗೊಂಡಿತು. ಮನೆಬಳಕೆಗೆ ಮಾತ್ರ ಹೊಲಿಯುತ್ತಿದ್ದ ಹೊದಿಕೆ ಅಲ್ಲಿಂದ ಮಾರಾಟಕ್ಕೂ ಬಂದಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮಿನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಈ ಹೊದಿಕೆಗಳ ಪ್ರದರ್ಶನ ನಡೆಯಿತು. ಕರಿಯ ಜನರ ಚರಿತ್ರೆಗೆ ಮೀಸಲಾದ ಆ ಕೇಂದ್ರದಲ್ಲಿ ಅವು ಭಾರತದಲ್ಲಿರುವ ಆಫ್ರಿಕನ್ನರ ಕಲಾಕೃತಿಗಳಾಗಿ ಕಾಣಿಸಿಕೊಂಡವು. ಯಲ್ಲಾಪುರದ ಮಳೆಗಾಲದ ಹೊದಿಕೆ ಹಾರ್ಲೆಮಿನ ಗೋಡೆಯನ್ನು ಏರಿದುದು ಸಾಮಾನ್ಯ ಸಂಗತಿಯಲ್ಲ; ಆದರೆ ಗೋಡೆಯನ್ನು ಏರುವಾಗ ಅದು ತನ್ನ ನೆರೆಹೊರೆಯನ್ನು ಕೆಳಗೆ ಬಿಟ್ಟಿತೇ ಎಂಬುದನ್ನು ವಿಚಾರಿಸಬೇಕಾಗಿದೆ.

4

ಮೊದಲು ವಸ್ತುವನ್ನೇ ನೋಡೋಣ. ಕವಂದಿಯ ತಳಕ್ಕೆ ಸಾಮಾನ್ಯವಾಗಿ ಹಳೆಯ ಹತ್ತಿಯ ಸೀರೆಯನ್ನು ಹಾಸುತ್ತಾರೆ. ಸವೆದ ಸೀರೆ, ಲಂಗ, ಅಂಗಿಗಳಲ್ಲಿ ಗಟ್ಟಿಯಾಗಿ ಉಳಿದ ಭಾಗಗಳನ್ನು ಹರಿದು ತೇಪೆಗಳನ್ನಾಗಿ ಮಾಡಿಕೊಳ್ಳುತ್ತಾರೆ. ಹೊಲಿಗೆ ಮೂಲೆಯಿಂದ ತೊಡಗಿ ಅಂಚಿನುದ್ದಕ್ಕೂ ಸಾಗುತ್ತದೆ. ಒಂದು ತೇಪೆಯ ಅಂಚನ್ನು ಒಳಮಡಿಸಿ, ಅದರ ಪಕ್ಕಕ್ಕೆ ಇನ್ನೊಂದನ್ನು ಸೇರಿಸಿ, ಸೂಜಿಯನ್ನು ಏಳಿಸಿ ಇಳಿಸಿ ಸಾದಾ ಹೊಲಿಗೆಯ ಸಾಲನ್ನು ಹಾಕುತ್ತ ಹೊದಿಕೆಯ ಸುತ್ತ ಒಂದು ಸುತ್ತು ಬರುತ್ತಾರೆ. ಮುಂದಿನ ಸುತ್ತು ಅದರ ಒಳಗೆ, ಅದರ ಮುಂದಿನದು ಇನ್ನೂ ಒಳಗೆ. ಹೀಗೆ ಹೊರಗಿನಿಂದ ಒಳಕ್ಕೆ ಸುತ್ತುತ್ತ ಬಂದ ಹೊಲಿಗೆ ನಡುವಿನಲ್ಲಿ ಮುಗಿಯುತ್ತದೆ. ತೇಪೆಗಳನ್ನು ಜೋಡಿಸುವುದು ಒಂದು ಹಂತ, ಪದರಗಳನ್ನು ಹೊಲಿಯುವುದು ಇನ್ನೊಂದು ಹಂತ ಎಂಬ ಭೇದ ಇಲ್ಲಿಲ್ಲ. ಒಂದೇ ದಾರ ಎರಡನ್ನೂ ಮಾಡುತ್ತದೆ. ಮೊದಲೇ ಬರೆದುಕೊಂಡ ನಕ್ಷೆಯೂ ಇಲ್ಲ. ಯಾವ ಬಣ್ಣದ ಪಕ್ಕಕ್ಕೆ ಯಾವುದು ಎಂಬುದನ್ನು ಹೊಲಿಯುವಾಗಲೇ, ಕೈಗೆ ಬಂದ ಬಟ್ಟೆಯನ್ನು ನೋಡಿ ನಿರ್ಧರಿಸಲಾಗುತ್ತದೆ.

ನಾಲ್ಕು ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಸಣ್ಣ ತ್ರಿಕೋನಗಳನ್ನು ಸೇರಿಸುತ್ತಾರೆ. ಇವಕ್ಕೆ ಫೂಲ, ಅಂದರೆ ಹೂವು ಎಂದು ಹೆಸರು. ಹೊದಿಕೆಯ ಬಾಳಿಕೆಗೆ ಇವುಗಳಿಂದ ಆಗಬೇಕಾದದ್ದೇನೂ ಇಲ್ಲ. ಆದರೂ ಇವಿಲ್ಲದ ಕವಂದಿ ಬೆತ್ತಲೆ ಎಂಬ ಭಾವನೆ ಸಿದ್ದಿ ಹೆಂಗಸರಲ್ಲಿದೆಯೆಂದು ಡ್ರೂವಾಲ್ ಗುರುತಿಸಿದ್ದಾರೆ. ಕ್ರೈಸ್ತರ ಹೊದಿಕೆಗಳಲ್ಲಿ ಶಿಲುಬೆ, ಮುಸ್ಲಿಮರ ಹೊದಿಕೆಗಳಲ್ಲಿ ಅರ್ಧಚಂದ್ರದಂತಹ ಆಕೃತಿಗಳೂ ಕಾಣಬರುತ್ತವೆ. ಕೂಸುಗಳಿಗೆ ಚಿಕ್ಕವು, ದೊಡ್ಡವರಿಗೆ ದೊಡ್ಡವು. ಘಟ್ಟದ ಮಳೆಯಲ್ಲಿ ಹೊದೆಯಲೂ ಹಾಸಲೂ ಅದೇ ಬಟ್ಟೆ.

ಇದರ ಪಕ್ಕದಲ್ಲಿ ಧಾರವಾಡ ಸೀಮೆಯ ಕೌದಿಯನ್ನಿಟ್ಟು ನೋಡಿದರೆ ಸಾಮ್ಯಗಳು ಎದ್ದುಕಾಣುತ್ತವೆ. ಅಲ್ಲಿಯೂ ಹಳೆಯ ಸೀರೆ, ಧೋತರಗಳ ಪದರಗಳು. ಅಲ್ಲಿಯೂ ಸಾದಾ ಹೊಲಿಗೆ. ಅನೇಕ ಕೌದಿ, ಗೋಧಡಿಗಳಲ್ಲಿ ಹೊಲಿಗೆಯ ಸಾಲುಗಳು ಅಂಚಿಗೆ ಸಮಾನಾಂತರವಾಗಿ ಚೌಕದೊಳಗೆ ಚೌಕದಂತೆ ನಡುವನ್ನು ಸೇರುತ್ತವೆ. ಕವಂದಿ, ಕವದಿ, ಕೌದಿ ಎಂಬ ಪದಗಳ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ. ಸೀವುಡ್ಸಿನ ಒಂದು ಕನ್ನಡ ಮನೆಯಲ್ಲಿ ಬೆಳಗಾವಿ ಕಡೆಯ ಹಿರಿಯ ತಾಯಿಯೊಬ್ಬರು ತಮ್ಮ ಕೌದಿಯನ್ನು ಬಿಚ್ಚಿ ತೋರಿಸುತ್ತ, ಯಾವ ತುಂಡು ಯಾರ ಸೀರೆಯದೆಂದು ಒಂದೊಂದಾಗಿ ಹೇಳಿದರು: ಇದು ಅತ್ತೆಯವರದು, ಇದು ತನ್ನ ಸೀಮಂತದ್ದು, ಇದು ತೀರಿಕೊಂಡ ತಂಗಿಯದು. ಕವಂದಿಯ ಚಿತ್ರಗಳನ್ನು ನಾವು ತೋರಿಸಿದಾಗ ಅವರು ಆಫ್ರಿಕದ ಮಾತನ್ನು ಎತ್ತಲಿಲ್ಲ. “ನಮ್ಮ ಕೌದಿನs ಇದು, ಮೂಲ್ಯಾಗ ಹೂ ಮಾತ್ರ ಹೊಸಾದು” ಎಂದರು. ಈ ಒಂದು ಮಾತಿನಲ್ಲಿ ನಮ್ಮ ಸಮಸ್ಯೆ ಪೂರ್ತಿಯಾಗಿ ಅಡಗಿದೆ: ಹೊಲಿಗೆ ನೆರೆಯವರೆಲ್ಲರದು, ಹೂವು ಸಿದ್ದಿಯರದು.

5

ಹಾಗಾದರೆ ಕವಂದಿಯಲ್ಲಿ ಆಫ್ರಿಕ ಎಲ್ಲಿದೆ? ಗಾಢ ಬಣ್ಣಗಳ ಧೈರ್ಯದ ಜೋಡಣೆ, ಅಳತೆಗೆ ಕಟ್ಟುಬೀಳದ ಲಯ, ನಕ್ಷೆಯಿಲ್ಲದೆ ಕೈಗೆ ಬಂದಂತೆ ಬೆಳೆಯುವ ವಿನ್ಯಾಸ, ಇವುಗಳಲ್ಲಿ ಆಫ್ರಿಕ ಸಂತತಿಯ ಸೌಂದರ್ಯಪ್ರಜ್ಞೆಯನ್ನು ಕಾಣಬಹುದೆಂಬ ವಾದವುಂಟು. ಇದಕ್ಕೆ ಹೋಲಿಕೆಯಾಗಿ ಅಮೆರಿಕದ ಅಲಬಾಮ ರಾಜ್ಯದ ಜೀಸ್ ಬೆಂಡ್ ಎಂಬ ಊರಿನ ಹೊದಿಕೆಗಳನ್ನು ನೆನೆಯಲಾಗುತ್ತದೆ. ಗುಲಾಮರ ಸಂತತಿಯ ಹೆಂಗಸರು ಕೆಲಸದ ಉಡುಪುಗಳ ಹರಕುಗಳಿಂದ ಹೊಲಿದ ಈ ಹೊದಿಕೆಗಳು 2002ರಲ್ಲಿ ಹ್ಯೂಸ್ಟನ್ ಮತ್ತು ನ್ಯೂಯಾರ್ಕಿನ ಕಲಾಸಂಗ್ರಹಾಲಯಗಳಲ್ಲಿ ಪ್ರದರ್ಶಿತವಾಗಿ ಪ್ರಸಿದ್ಧಿ ಪಡೆದವು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟರೆ ಕಣ್ಣಿಗೆ ಒಂದು ಬಂಧುತ್ವ ಹೊಳೆಯುವುದು ನಿಜ.

ಆದರೆ ಕಣ್ಣಿಗೆ ಹೊಳೆಯುವ ಬಂಧುತ್ವಗಳು ಇನ್ನೂ ಇವೆ. ಜಪಾನಿನ ಉತ್ತರದಲ್ಲಿ ಚಳಿಯಿಂದಾಗಿ ಹತ್ತಿ ಬೆಳೆಯದು. ಅಲ್ಲಿಯ ಬಡ ರೈತರು ದೂರದಿಂದ ಬಂದ ಹತ್ತಿಯ ತುಂಡುಗಳನ್ನು ನಾರುಬಟ್ಟೆಯ ಮೇಲೆ ತಲೆಮಾರುಗಳ ಕಾಲ ತೇಪೆಹಚ್ಚಿ ಉಳಿಸಿಕೊಂಡ ಬಟ್ಟೆಗೆ ಬೊರೊ ಎಂದು ಹೆಸರು. ಬಂಗಾಳದ ಕಾಂಥಾದಲ್ಲಿ ಹಳೆಯ ಸೀರೆಗಳ ಪದರವನ್ನು ಸಾದಾ ಹೊಲಿಗೆಯಿಂದಲೇ ಹಿಡಿದು ನಡುವೆ ಕಮಲವನ್ನು ಅರಳಿಸುತ್ತಾರೆ. ಸಿಂಧ್, ರಾಜಸ್ಥಾನ, ಗುಜರಾತುಗಳಲ್ಲಿ ರಲ್ಲಿ ಎಂಬ ತೇಪೆಯ ಹೊದಿಕೆಯಿದೆ. ಈ ಜನರ ನಡುವೆ ರಕ್ತಸಂಬಂಧವನ್ನು ಯಾರೂ ಹುಡುಕುವುದಿಲ್ಲ. ಬಟ್ಟೆ ದುರ್ಲಭವಾಗಿದ್ದಲ್ಲಿ, ಸೂಜಿ ದಾರಗಳು ಹೆಂಗಸರ ಕೈಯಲ್ಲಿದ್ದಲ್ಲಿ, ಸವೆದುದನ್ನು ಎಸೆಯುವುದು ಸಾಧ್ಯವಿಲ್ಲದಲ್ಲಿ ಇಂತಹ ಹೊದಿಕೆ ಹುಟ್ಟುತ್ತದೆ. ಹೋಲಿಕೆಯೊಂದೇ ವಂಶಾವಳಿಗೆ ಸಾಕ್ಷಿಯಾಗದು. ಜೀಸ್ ಬೆಂಡ್ ಮತ್ತು ಯಲ್ಲಾಪುರಗಳ ಹೋಲಿಕೆಗೆ ಆಫ್ರಿಕದ ಸ್ಮೃತಿ ಕಾರಣವಿರಬಹುದು; ಎರಡೂ ಕಡೆಯ ಬಡತನ ಮತ್ತು ದುಡಿಮೆಯೂ ಕಾರಣವಿರಬಹುದು. ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುವುದಕ್ಕೆ ಆಧಾರ ಸಾಲದು.

ನಮ್ಮ ಅಭಿಪ್ರಾಯದಲ್ಲಿ ಕವಂದಿಯ ಸ್ವತ್ವವನ್ನು ಅದರ ಮೂಲದಲ್ಲಿ ಹುಡುಕುವುದಕ್ಕಿಂತ ಅದರ ಬಳಕೆಯಲ್ಲಿ ಹುಡುಕುವುದು ಸೂಕ್ತ. ಸಿದ್ದಿ ಹೆಂಗಸರು ದಖನ್ನಿನ ಹೊಲಿಗೆಯನ್ನು ನೆರೆಯವರಿಂದ ಪಡೆದರೆಂದೇ ಇಟ್ಟುಕೊಳ್ಳೋಣ. ಪಡೆದುದನ್ನು ಅವರು ಹಾಗೆಯೇ ಇಟ್ಟುಕೊಳ್ಳಲಿಲ್ಲ. ಮೂರು ಧರ್ಮಗಳಲ್ಲಿ ಹಂಚಿಹೋದ ಮನೆಗಳಲ್ಲಿ ಒಂದೇ ಹೊದಿಕೆಯನ್ನು ಉಳಿಸಿಕೊಂಡರು, ಅದಕ್ಕೆ ಹೂವನ್ನು ಕಡ್ಡಾಯ ಮಾಡಿದರು. ಭಾಷೆಯ ವಿಷಯದಲ್ಲಿಯೂ ಆದುದು ಇದೇ. ಕೊಂಕಣಿಯನ್ನು ಅವರು ಒಡೆಯರ ಮನೆಗಳಲ್ಲಿ ಕಲಿತಿರಬಹುದು. ಇಂದು ಅದು ಸಿದ್ದಿಯರ ಮಾತು. ಸಾಲ ಪಡೆದ ಪದ ಭಾಷೆಯೊಂದರಲ್ಲಿ ತದ್ಭವವಾಗಿ ನೆಲೆಗೊಂಡ ಮೇಲೆ ಅದನ್ನು ಪರಕೀಯವೆಂದು ಯಾವ ವೈಯಾಕರಣನೂ ಹೊರಹಾಕುವುದಿಲ್ಲ.

6

ಈ ಚರ್ಚೆ ಕೇವಲ ಪಾಂಡಿತ್ಯದ್ದಲ್ಲ. ಭಾರತದಲ್ಲಿ ಒಂದು ಸಮುದಾಯವನ್ನು ಪರಿಶಿಷ್ಟ ಪಂಗಡವೆಂದು ಗುರುತಿಸಲು 1965ರ ಲೋಕೂರ್ ಸಮಿತಿ ಹೇಳಿದ ಲಕ್ಷಣಗಳೇ ಇಂದಿಗೂ ಮಾನದಂಡ: ಆದಿಮ ಲಕ್ಷಣ, ವಿಶಿಷ್ಟ ಸಂಸ್ಕೃತಿ, ಭೌಗೋಳಿಕ ಪ್ರತ್ಯೇಕತೆ, ಹೊರಸಮಾಜದೊಡನೆ ಬೆರೆಯುವ ಸಂಕೋಚ, ಹಿಂದುಳಿದಿರುವಿಕೆ. ಉತ್ತರ ಕನ್ನಡದ ಸಿದ್ದಿಯರಿಗೆ ಈ ಮಾನ್ಯತೆ ದೊರೆತದ್ದು 2003ರಲ್ಲಿ. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಯರು 2020ರವರೆಗೆ ಕಾಯಬೇಕಾಯಿತು. ಜಿಲ್ಲೆಯ ಗಡಿಗೆರೆಯ ಆಚೀಚೆ ಒಂದೇ ಬಳಗದವರು ಹದಿನೇಳು ವರ್ಷ ಬೇರೆ ಬೇರೆ ವರ್ಗಗಳಲ್ಲಿದ್ದರು. 2020ರಲ್ಲಿಯೇ ಶಾಂತಾರಾಮ ಸಿದ್ದಿಯವರು ವಿಧಾನಪರಿಷತ್ತಿಗೆ ನಾಮಕರಣಗೊಂಡು ಶಾಸನಸಭೆಯನ್ನು ಪ್ರವೇಶಿಸಿದ ಮೊದಲ ಸಿದ್ದಿಯಾದರು.

ಇಲ್ಲಿಯ ವಿರೋಧಾಭಾಸವನ್ನು ಗಮನಿಸಬೇಕು. ಭೂಮಿ, ಶಿಕ್ಷಣ, ಉದ್ಯೋಗಗಳ ನ್ಯಾಯವಾದ ಪಾಲನ್ನು ಪಡೆಯಲು ಒಂದು ಜನ ತಾವು ಬೇರೆ, ಯಾರೊಡನೆಯೂ ಬೆರೆಯದವರು ಎಂದು ತೋರಿಸಿಕೊಳ್ಳಬೇಕು. ಕಲೆಯ ಮಾರುಕಟ್ಟೆಯೂ ಅದನ್ನೇ ಕೇಳುತ್ತದೆ: ಆಫ್ರಿಕದ ಗುರುತಿದ್ದರೆ ಹೊದಿಕೆಗೆ ಬೆಲೆ, ನೆರೆಯವರ ಕೌದಿಯಂತಿದ್ದರೆ ಇಲ್ಲ. ಕವಂದಿ ಹೇಳುವುದಾದರೋ ಇದಕ್ಕೆ ವಿರುದ್ಧವಾದುದನ್ನು. ಅದರ ಸೀರೆ ನೇಯ್ದವರು ಬೇರೆ, ಉಟ್ಟವರು ಬೇರೆ, ಹೊಲಿಗೆ ಇಡೀ ಸೀಮೆಯದು. ಬೆರೆತು ಬಾಳಿದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ಬೇಕಿಲ್ಲ. ಬೆರೆತದ್ದರಿಂದ ಅವರ ಹಕ್ಕು ಕಡಿಮೆಯಾಗುವುದಿಲ್ಲ. ಗುಲಾಮಗಿರಿಯಿಂದ ಬಂದ ವಂಚನೆ ಬೆರೆತ ಮಾತ್ರಕ್ಕೆ ತೀರಿಹೋದ ಸಾಲವಲ್ಲ. ವಿದ್ವಾಂಸರು ಸಿದ್ದಿಯರ ಪರವಾಗಿ ಮಾತನಾಡಬೇಕೆಂಬ ಸದುದ್ದೇಶದಿಂದಲೇ ಅವರ ಬದುಕಿನಿಂದ ದಖನ್ನನ್ನು ಅಳಿಸಿಹಾಕುವುದು ತಪ್ಪು. ಹಾಗೆಯೇ ಇದು ಬರಿಯ ಕೌದಿ ಎಂದು ಹೇಳಿ ಹೂವನ್ನು ಇಟ್ಟವರ ಹೆಸರನ್ನು ಅಳಿಸುವುದೂ ತಪ್ಪು.

ಈಚಿನ ವರ್ಷಗಳಲ್ಲಿ ಅಮೆರಿಕ ಮೊದಲಾದ ದೇಶಗಳ ಹವ್ಯಾಸಿಗಳು ಕವಂದಿಯ ಹೊಲಿಗೆಯನ್ನು ಕಲಿತು ತಮ್ಮ ಮನೆಗಳಲ್ಲಿ ಹೊಲಿಯುತ್ತಿದ್ದಾರೆ. ಅಂಚಿನಿಂದ ನಡುವಿನತ್ತ ಸಾಗುವ ವಿಧಾನಕ್ಕೆ ಅಲ್ಲಿ ಕವಂದಿ ಎಂಬುದೇ ಹೆಸರು. ಮೂಲೆಯ ಹೂವನ್ನೂ ಅವರು ಬಿಟ್ಟಿಲ್ಲ. ಹಳೆಯ ಸೀರೆಯ ಬದಲು ಅಂಗಡಿಯಿಂದ ತಂದ ಹೊಸ ಬಟ್ಟೆಯನ್ನು ಕತ್ತರಿಸಿ ತೇಪೆಗಳನ್ನು ಮಾಡಿಕೊಳ್ಳುವವರೂ ಇದ್ದಾರೆ. ಸೀವುಡ್ಸಿನ ಮಗು ಆಫ್ರಿಕಕ್ಕೆಂದು ರಟ್ಟಿನ ಮುಖವಾಡ ಮಾಡುವ ಹೊತ್ತಿನಲ್ಲಿ ಅಮೆರಿಕದ ಮಹಿಳೆಯೊಬ್ಬಳು ಕರ್ನಾಟಕದ ಹೊದಿಕೆಯನ್ನು ಹೊಲಿಯುತ್ತಿರುವುದು ನಮ್ಮ ಕಾಲದ ಒಂದು ಚಿತ್ರ. ಕೈಕೆಲಸ ಸಂಚರಿಸುವುದನ್ನು ತಡೆಯಲಾಗದು, ತಡೆಯಬೇಕಾಗಿಯೂ ಇಲ್ಲ. ಕವಂದಿಯೇ ಸಂಚಾರದಿಂದ ಹುಟ್ಟಿದ್ದು. ಆದರೆ ವಿಧಾನದೊಡನೆ ಮಾಡಿದವರ ಹೆಸರೂ ಸಂಚರಿಸಬೇಕು, ಸಾಧ್ಯವಾದಲ್ಲಿ ಬೆಲೆಯ ಪಾಲು ಅವರಿಗೆ ಸಲ್ಲಬೇಕು. ಸಂಗ್ರಹಾಲಯಗಳಲ್ಲಿಯೂ ಖಾಸಗಿ ಸಂಗ್ರಹಗಳಲ್ಲಿಯೂ ಇರುವ ಕೌದಿ, ಗೋಧಡಿಗಳ ಪಕ್ಕದಲ್ಲಿ ಹೊಲಿದವರ ಹೆಸರು ಕಾಣುವುದು ಅಪರೂಪ ಎಂಬುದನ್ನು ನೆನೆದರೆ ಈ ಮಾತು ಸಿದ್ದಿಯರಿಗೆ ಮಾತ್ರ ಅನ್ವಯಿಸುವಂತಹುದಲ್ಲ.

ಹೊರನಾಡಿನಲ್ಲಿ ಸಂಶೋಧನೆ ನಡೆಸುವವರಿಗೆ ಇಲ್ಲಿ ಕೈಗೆಟಕುವ ಕೆಲಸವಿದೆ. ಮುಂಬಯಿ, ಥಾಣೆ, ಕಲ್ಯಾಣ, ಡೊಂಬಿವಿಲಿ, ನವಿಮುಂಬಯಿಗಳ ಕನ್ನಡ ಮನೆಗಳಲ್ಲಿ ಊರಿನಿಂದ ಬಂದ ಕೌದಿಗಳಿವೆ. ಪಕ್ಕದ ಮರಾಠಿ ಮನೆಗಳಲ್ಲಿ ಗೋಧಡಿಗಳಿವೆ. ಹೊಲಿಗೆ ಎಲ್ಲಿಂದ ತೊಡಗಿ ಎಲ್ಲಿ ಮುಗಿದಿದೆ, ಮೂಲೆಯಲ್ಲಿ ಏನಿದೆ, ಯಾವ ತುಂಡಿಗೆ ಯಾವ ಹೆಸರಿದೆ, ಯಾರು ಯಾರಿಂದ ಕಲಿತರು ಎಂಬುದನ್ನು ಹೊಲಿದ ತಾಯಂದಿರು ಇರುವಾಗಲೇ ಬರೆದಿಟ್ಟುಕೊಂಡರೆ ಸಿದ್ದಿಯರ ಹೊದಿಕೆಯಲ್ಲಿ ಅವರದೇ ಆದುದು ಎಷ್ಟು ಎಂಬ ಪ್ರಶ್ನೆಗೆ ಊಹೆಯ ಬದಲು ಆಧಾರ ದೊರೆಯುತ್ತದೆ. ನಾವು ಮೇಲೆ ಹೇಳಿದ ತಾಯಿಯವರ ಕೌದಿಯಲ್ಲಿ ಹನ್ನೊಂದು ಜನರ ಬಟ್ಟೆಗಳಿದ್ದವು. ಅವುಗಳಲ್ಲಿ ಎರಡು ತುಂಡುಗಳ ಹೆಸರು ಅವರಿಗೆ ನೆನಪಾಗಲಿಲ್ಲ. ನೆನಪಾಗುತ್ತಿದ್ದ ಅವರ ಅಕ್ಕ ಹೋದ ವರ್ಷ ತೀರಿಕೊಂಡಿದ್ದರು.